ಸ್ಕ್ಯಾನಿಂಗ್ ಚೆನ್ನಾಗಿದೆ, ಡಾಕ್ಟರ್ ಕೇಳಿಸಿಕೊಳ್ಳಲ್ಲ

ಎರಡು ಸ್ಟಾರ್, ಅದೂ ಸ್ಕ್ಯಾನ್ ಮಾಡಿದ ಮೇಡಂಗೆ. ಎದೆಯಲ್ಲಿ ಗಂಟು ಸಿಕ್ಕಿತು ಅಂತ ತುಮಕೂರಿನ ಈ ಆಸ್ಪತ್ರೆಗೆ ಹೋಗಿದ್ದೆ. ಆ ಮೇಡಂ, ಜೆಲ್ ತಣ್ಣಗಿರುತ್ತೆ ಅಂತ ಮೊದಲೇ ಹೇಳಿ, ಗಂಟು ಎಲ್ಲಿದೆ ಅಂತ ನನ್ನ ಬೆರಳಿಂದಲೇ ತೋರಿಸೋಕೆ ಹೇಳಿದರು. ಡಾಕ್ಟರ್ ಮಾತ್ರ ತಲೆ ಎತ್ತದೆ, "ಏನಿಲ್ಲಮ್ಮ, ಆರು ತಿಂಗಳು ಬಿಟ್ಟು ಬನ್ನಿ" ಅಂದರು. ನಮ್ಮ ದೊಡ್ಡಮ್ಮನಿಗೆ ಸ್ತನ ಕ್ಯಾನ್ಸರ್ ಆಗಿತ್ತು ಅಂದಿದ್ದಕ್ಕೆ, ನನ್ನ ಗಂಡನ ಕಡೆ ತಿರುಗಿ, "ಇವರಿಗೆ ಟೆನ್ಷನ್ ಜಾಸ್ತಿ" ಅಂದರು. ಗಂಟು ಇರೋದು ನನಗೆ ಅಲ್ವಾ? ರಿಪೋರ್ಟಲ್ಲಿ ಬೈರಾಡ್ಸ್ (ಸ್ತನದ ಸ್ಕ್ಯಾನಿಗೆ ಕೊಡೋ ಗ್ರೇಡ್) 3 ಅಂತಿತ್ತು. ಅಂದರೆ ಕ್ಯಾನ್ಸರ್ ಸಾಧ್ಯತೆ ನೂರಕ್ಕೆ 2ಕ್ಕಿಂತ ಹೆಚ್ಚಿಲ್ಲ, ಅದಕ್ಕೇ ಆರು ತಿಂಗಳಿಗೆ ಮತ್ತೆ ಸ್ಕ್ಯಾನ್. ಇದನ್ನು ಬಿಡಿಸಿ ಹೇಳಿದ್ದು ಬೇರೆ ಡಾಕ್ಟರ್. ಸ್ಕ್ಯಾನಿಗೆ ಇಲ್ಲಿಗೇ ಹೋಗಿ, ಆಮೇಲೆ ರಿಪೋರ್ಟ್ ಎತ್ತಿಕೊಂಡು ಬೇರೆ ಕಡೆ ನಡೀರಿ.