ಬ್ಯಾಟರಿ ತಿನ್ನಲ್ಲ ಅಂದ್ರು, ಬೆಳಿಗ್ಗೆ ಎಂಟೂವರೆಗೆ ಫೋನ್ ಸತ್ತಿತ್ತು

ಆ್ಯಪ್ ಮಾಡಿಸಬೇಕು ಅಂತಿರುವವರು ದುಡ್ಡು ಕೊಡೋ ಮೊದಲು ಇದನ್ನ ಓದಿ.

ಕುಮಟಾದಿಂದ ಶಿರಸಿಗೆ ಮೀನು ಸಾಗಿಸೋ ಮೂರು ಗಾಡಿ ನಮ್ಮದು. ಯಾವ ಗಾಡಿ ಎಲ್ಲಿದೆ ಅಂತ ತಿಳಿಯೋಕೆ ಆ್ಯಪ್ ಬೇಕಿತ್ತು. ಆ್ಯಪ್ ಮಾಡಿಕೊಡೋರ ಜೊತೆ 45 ಸಾವಿರಕ್ಕೆ ಮಾತಾಯ್ತು, 30 ಸಾವಿರ ಮುಂಗಡ ಕೊಟ್ಟೆ. ನಾನು ಕೇಳಿದ್ದು ಒಂದೇ, ಬ್ಯಾಟರಿ ತಿನ್ನಬಾರದು. "ಬ್ಯಾಟರಿ ಉಳಿಸೋಕೇ ಡಿಸೈನ್ ಮಾಡಿದ್ದು ಸರ್" ಅಂದರು. ಒಂದು ತಾಸು ಓಡಿಸಿಯೂ ತೋರಿಸಿದರು. ಆಫೀಸಿನ ಮೇಜು, ವೈಫೈ, ಕದಲದ ಫೋನು. ನನಗೆ ಆಗ ಹೊಳೆಯಲೇ ಇಲ್ಲ.

ಮೊದಲ ವಾರವೇ ದೇವಿಮನೆ ಘಟ್ಟದಲ್ಲಿ ಗಾಡಿ ಕೆಟ್ಟು ನಿಂತಿತು. ಆ್ಯಪ್ ಹಾಕಿದ್ದ ಡ್ರೈವರ್ ಹುಡುಗನ ಫೋನ್ ಎಂಟೂವರೆಗೇ ಸತ್ತಿತ್ತು. ನನಗೆ ಸುದ್ದಿ ಮುಟ್ಟೋ ಹೊತ್ತಿಗೆ ಐಸ್ ಕರಗಿ ಎರಡು ಬಾಕ್ಸ್ ಬಾಂಗಡೆ ಹೋಯ್ತು.

ಫೋನ್ ಮಾಡಿದರೆ ಬಂದ ಉತ್ತರ ನೋಡಿ. "ನಿಮ್ಮ ಫೋನ್ ಹಳೇದು ಸರ್." ಎರಡನೇ ಸಲ, "ಸೆಟ್ಟಿಂಗಲ್ಲಿ ಬ್ಯಾಟರಿಗೆ ಹೋಗಿ ಅನ್‌ರಿಸ್ಟ್ರಿಕ್ಟೆಡ್ ಮಾಡಿ." ಅಂದ್ರೆ ಆ್ಯಪ್ ಬ್ಯಾಟರಿ ಬಳಸೋದಕ್ಕೆ ಫೋನ್ ಹಾಕೋ ಕಡಿವಾಣ ತೆಗೆಯೋದು. ಮೂರೂ ಫೋನಲ್ಲಿ ನನ್ನ ಕೈಯಾರೆ ಮಾಡಿದೆ. ಇನ್ನೂ ಬೇಗ ಸಾಯೋಕೆ ಶುರುವಾಯ್ತು. ಮೂರನೇ ಸಲ, "ಪವರ್ ಬ್ಯಾಂಕ್ ಕೊಡಿಸಿ ಸರ್." ಪವರ್ ಬ್ಯಾಂಕ್ ಕೊಡಿಸಬೇಕಂತೆ!

ಕೊನೆಗೆ ಕಂಪ್ಯೂಟರ್ ಓದ್ತಿರೋ ಅಕ್ಕನ ಮಗನಿಗೆ ತೋರಿಸಿದೆ. ಬ್ಯಾಟರಿ ಲೆಕ್ಕದಲ್ಲಿ ಈ ಆ್ಯಪ್ ಒಂದೇ 61%. "ಮಾಮ, ಐದು ಸೆಕೆಂಡಿಗೊಮ್ಮೆ ಜಿಪಿಎಸ್ ಕೇಳ್ತಾ ಇದೆ, ಗಾಡಿ ನಿಂತಿದ್ರೂ ಕೇಳ್ತದೆ. ಘಟ್ಟದಲ್ಲಿ ಸಿಗ್ನಲ್ ಇಲ್ದಿದ್ರೆ ಬಿಡದೆ ಮತ್ತೆ ಮತ್ತೆ ಕಳಿಸೋಕೆ ನೋಡ್ತದೆ" ಅಂದ. ಸರಿಯಾಗಿ ಮಾಡಿದ್ದರೆ ಜಾಗದ ಲೆಕ್ಕ ಫೋನಲ್ಲೇ ಉಳಿಸಿಕೊಂಡು, ಸಿಗ್ನಲ್ ಸಿಕ್ಕಾಗ ಒಟ್ಟಿಗೆ ಕಳಿಸಬೇಕಿತ್ತು. ಗಾಡಿ ನಿಂತಾಗ ಜಿಪಿಎಸ್ ಬಿಡಬೇಕಿತ್ತು. ಸುಮ್ಮನಿರೋ ಫೋನಲ್ಲಿ ಆ್ಯಪ್‌ಗಳನ್ನ ಮಲಗಿಸೋ ಡೋಜ್ ಅನ್ನೋದು 2015ರ ಆಂಡ್ರಾಯ್ಡ್ 6ರಿಂದಲೇ ಇದೆಯಂತೆ. ಅನ್‌ರಿಸ್ಟ್ರಿಕ್ಟೆಡ್ ಮಾಡಿಸಿ ಅದನ್ನೂ ನನ್ನ ಕೈಯಿಂದಲೇ ತಪ್ಪಿಸಿದ್ದರು. ಇದು ಗೊತ್ತಾದಾಗ ಆದ ನಾಚಿಕೆ ಹೇಳತೀರದು. ಹುಡುಗರಿಗೆ ನಾನೇ ಬೈದಿದ್ದೆ, ವಿಡಿಯೋ ನೋಡಿ ಬ್ಯಾಟರಿ ಖಾಲಿ ಮಾಡ್ತೀರಿ ಅಂತ.

ಹಾಗಾದ್ರೆ ಬ್ಯಾಟರಿ ಉಳಿಸೋಕೆ ಮಾಡಿದ್ದೇನು ಅಂತ ಕೇಳಿದೆ. "ಡಾರ್ಕ್ ಮೋಡ್ ಕೊಟ್ಟಿದ್ದೇವಲ್ಲ ಸರ್." ಕಪ್ಪು ಬಣ್ಣ! ಅದರಿಂದ ಒಎಲ್‌ಇಡಿ ಪರದೆಯಲ್ಲಿ ಉಳಿತಾಯ ಆಗ್ತದೆ ನಿಜ, ಅದರಲ್ಲಿ ಕಪ್ಪು ಇರೋ ಕಡೆ ಬೆಳಕೇ ಉರಿಯಲ್ಲ. ನಮ್ಮ ಹುಡುಗರ ಫೋನಿನದು ಎಲ್‌ಸಿಡಿ, ಪರದೆ ಕಪ್ಪಾದ್ರೂ ಹಿಂದಿನ ಬೆಳಕು ಉರೀತಾನೇ ಇರ್ತದೆ. ಕಪ್ಪು ಬಣ್ಣಕ್ಕೆ 30 ಸಾವಿರ ಕೊಟ್ಟಿದ್ದೇನೆ ಮಾರಾಯ್ರೇ.

ಸರಿಮಾಡಿ ಕೊಡಿ ಅಂದದ್ದಕ್ಕೆ, "ಅದು ಎಕ್ಸ್‌ಟ್ರಾ ಕೆಲಸ, ಎಂಟು ಸಾವಿರ ಆಗ್ತದೆ."

ಆಫೀಸಲ್ಲಿ ತೋರಿಸಿದ್ದನ್ನ ನಂಬಬೇಡಿ. ಒಂದು ಪೂರ್ತಿ ದಿನ ನಿಮ್ಮದೇ ಫೋನಲ್ಲಿ, ನಿಮ್ಮದೇ ದಾರಿಯಲ್ಲಿ ಓಡಿಸಿ, ರಾತ್ರಿ ಬ್ಯಾಟರಿ ಲೆಕ್ಕ ತೆಗೆದು ನೋಡಿ, ಆಮೇಲೆ ಮುಂಗಡ ಕೊಡಿ. ಅನ್‌ರಿಸ್ಟ್ರಿಕ್ಟೆಡ್ ಮಾಡಿ ಅಂದರೆ ಯಾಕೆ ಅಂತ ಕೇಳಿ. ನಾನು ಕೇಳಲಿಲ್ಲ.

ಬಾಕಿ 15 ಸಾವಿರಕ್ಕೆ ನಿನ್ನೆಯೂ ಮೆಸೇಜ್ ಬಂದಿದೆ. ಕೊಡೋದಿಲ್ಲ.