ಅಂಟನ್ನು ತೋರಿಸುವ ಟಾರ್ಚ್: ಪಳೆಯುಳಿಕೆ ಸಂಗ್ರಾಹಕರಿಗೆ ಕಾನ್ವಾಯ್ ಎಸ್2+

365 ನ್ಯಾನೊಮೀಟರಿನ ಯುವಿ (ನೇರಳಾತೀತ) ಟಾರ್ಚ್, 10 ಪಟ್ಟು ಹಿಗ್ಗಿಸಿ ತೋರಿಸುವ ಭೂತಗನ್ನಡಿ, ಒಂದಿಷ್ಟು ಅಸಿಟೋನ್. ನಕಲಿ ಪಳೆಯುಳಿಕೆಗಳಲ್ಲಿ ಬಹಳಷ್ಟನ್ನು ಹಿಡಿಯಲು ಇಷ್ಟು ಸಾಕು: ತುಣುಕುಗಳನ್ನು ಕೂಡಿಸಲು, ತಿದ್ದಲು ಬಳಸಿದ ಅಂಟು ಯುವಿ ಬೆಳಕಿನಡಿ ಸಾಮಾನ್ಯವಾಗಿ ಹೊಳೆಯುತ್ತದೆ. ಕೊಳ್ಳುವಾಗ ಎಡವುವುದು ಟಾರ್ಚಿನ ವಿಷಯದಲ್ಲಿ. ಕಾನ್ವಾಯ್ ಎಸ್2+ನ 365 ಮಾದರಿ ಈ ಕೆಲಸಕ್ಕೆ ಚೆನ್ನಾಗಿ ಒದಗುತ್ತದೆ. ಒಂದೇ 18650 ಸೆಲ್ (ಮರುಚಾರ್ಜ್ ಮಾಡುವ ಲಿಥಿಯಂ ಬ್ಯಾಟರಿ), ಅಂಗೈಗೆ ಹಿಡಿಸುವ ಲೋಹದ ಮೈ.

ಮುಂಭಾಗದಲ್ಲಿ ಕಪ್ಪಗೆ ಕಾಣುವ ಜೆಡ್‌ಡಬ್ಲ್ಯೂಬಿ2 ಫಿಲ್ಟರ್ ಗಾಜು ಇದೆಯೇ ಎಂದು ಮೊದಲು ನೋಡಿ. ಅದಿಲ್ಲದಿದ್ದರೆ ಸೋರುವ ಬಿಳಿಚು ಬೆಳಕು ಅಂಟಿನ ಮಂದ ಹೊಳಪನ್ನು ಮುಚ್ಚಿಬಿಡುತ್ತದೆ. 395ರ ಟಾರ್ಚುಗಳ ತೊಂದರೆಯೂ ಇಂಥದ್ದೇ: ಕಲ್ಲು, ಅಂಟು, ಮೇಜು ಎಲ್ಲವೂ ನೇರಳೆ.

ಕೋಣೆ ಪೂರ್ತಿ ಕತ್ತಲಾಗಿರಲಿ. ಯುವಿ ತಡೆಯುವ ಕನ್ನಡಕ ಹಾಕಿ, ಕಣ್ಣು ಹೊಂದಿಕೊಳ್ಳಲು ಎರಡು ನಿಮಿಷ ಬಿಟ್ಟು, 10–15 ಸೆಂ.ಮೀ. ದೂರದಿಂದ ಓರೆಯಾಗಿ ಬೆಳಕು ಬಿಡಿ. ಅದಕ್ಕೂ ಮೊದಲು ಕಲ್ಲನ್ನು ಒರೆಸಿರಬೇಕು. ಬಟ್ಟೆಯ ನೂಲೆಳೆ, ಕಾಗದದ ಪುಡಿ ಕೂಡ ನೀಲಿಯಾಗಿ ಮಿನುಗಿ ದಾರಿ ತಪ್ಪಿಸುತ್ತವೆ.

ಹೊಳೆದದ್ದೆಲ್ಲ ನಕಲಿಯಲ್ಲ, ಇಲ್ಲಿಯೇ ಹೆಚ್ಚು ಜನ ತಪ್ಪುವುದು. ಮೊರಾಕೊದ ಟ್ರೈಲೊಬೈಟ್‌ಗಳು (ಬಹುಕಾಲದ ಹಿಂದೆ ಅಳಿದ, ಚಿಪ್ಪುಮೈಯ ಕಡಲಜೀವಿಗಳು) ಸಿಗುವುದೇ ಸುಣ್ಣಕಲ್ಲನ್ನು ಸುತ್ತಿಗೆಯಿಂದ ಒಡೆದಾಗ. ಹಾಗಾಗಿ ಪ್ರಾಣಿಯ ಮೈಯನ್ನೂ ಸುತ್ತಲಿನ ಕಲ್ಲನ್ನೂ ಸೀಳಿಕೊಂಡು ಹೋಗುವ, ಅಂಟಿಸಿ ಕೂಡಿಸಿದ ಒಂದು ಸಣ್ಣ ಬಿರುಕು ಅಸಲಿಯ ಲಕ್ಷಣವೇ. ಬಿರುಕೇ ಇಲ್ಲದ ತುಂಡನ್ನು ಅನುಮಾನದಿಂದ ನೋಡಿ. ಹೊಳಪು ಪ್ರಾಣಿಯ ಸುತ್ತ ಉಂಗುರದಂತೆ ಬಂದರೆ ಬೇರೆಡೆಯಿಂದ ತಂದು ಕೂರಿಸಿದ್ದಿರಬಹುದು. ಮುಳ್ಳುಗಳಷ್ಟೇ ಬೇರೆ ಬಣ್ಣದಲ್ಲಿ ಹೊಳೆದರೆ ಅವು ರೆಸಿನ್‌ನಿಂದ (ಸುರಿದ ಮೇಲೆ ಗಟ್ಟಿಯಾಗುವ ಪ್ಲಾಸ್ಟಿಕ್) ತಿದ್ದಿದವಿರಬಹುದು. ಇಡೀ ಮೈ ಒಂದೇ ಸಮನೆ ಹೊಳೆದರೆ ಭೂತಗನ್ನಡಿ ಹಿಡಿದು ದುಂಡನೆಯ ಗಾಳಿಗುಳ್ಳೆ ಹುಡುಕಿ. ಅಚ್ಚಿಗೆ ಸುರಿದ ರೆಸಿನ್‌ನಲ್ಲಿ ಅವು ಸಾಮಾನ್ಯ. ಫ್ಯಾಕಾಪ್ಸ್ ಜಾತಿಯ ಟ್ರೈಲೊಬೈಟ್ ಆದರೆ ಕಣ್ಣಿನ ಮಸೂರಗಳು ಸಾಲುಸಾಲಾಗಿ ಬಿಡಿಬಿಡಿಯಾಗಿ ಕಾಣಬೇಕು. ಕೆಟ್ಟ ಎರಕದಲ್ಲಿ ಅವು ಕಲಸಿಹೋಗಿರುತ್ತವೆ.

ಡೈನೊಸಾರ್ ಕಾಲದ ಕಡಲ ಸರೀಸೃಪ ಮೊಸಸಾರ್‌ನ ದವಡೆಗಳಲ್ಲಿ ಈ ಟಾರ್ಚಿಗೆ ಇನ್ನೂ ಹೆಚ್ಚು ಕೆಲಸ. ಹಲ್ಲುಗಳು ಬಹುಪಾಲು ಅಸಲಿಯೇ, ಆದರೆ ಬೇರೆಬೇರೆ ಪ್ರಾಣಿಗಳವು; ಮರಳು ಮತ್ತು ಅಂಟು ಕಲಸಿದ ಮುದ್ದೆಯಲ್ಲಿ ನೆಟ್ಟಿರುತ್ತಾರೆ. ಡೈನೊಸಾರ್ ಮತ್ತು ಹಕ್ಕಿಯ ನಡುವಿನ ಕೊಂಡಿಯೆಂದು 1999ರಲ್ಲಿ ಸುದ್ದಿಯಾದ ಆರ್ಕಿಯೊರಾಪ್ಟರ್ ಕೂಡ ಇಂಥ ಅಸಲಿ ತುಣುಕುಗಳ ಜೋಡಣೆಯೇ. ಹಲ್ಲಿನ ಬುಡದಲ್ಲಿ ಅಂಟಿನ ಹೊಳಪು ಕಂಡರೆ, ಬೆನ್ನಿನ ಬದಿಯ ‘ಕಲ್ಲಿನ’ ಮೇಲೆ ಅಸಿಟೋನ್ ಅದ್ದಿದ ಹತ್ತಿಕಡ್ಡಿ ತಿಕ್ಕಿ. ಮರಳು ಕಳಚಿದರೆ ಅಥವಾ ಬಣ್ಣ ಬಂದರೆ ಉತ್ತರ ಸಿಕ್ಕಿತು. ಎಪಾಕ್ಸಿ ಅಂಟಾದರೆ ಕರಗುವುದಿಲ್ಲ, ಆದ್ದರಿಂದ ಏನೂ ಬರಲಿಲ್ಲವೆಂದು ಅಸಲಿ ಎನ್ನಬೇಡಿ. ಎದುರು ಬದಿಗೆ ಅಸಿಟೋನ್ ಮುಟ್ಟಿಸಲೇಬಾರದು. ಮೂಳೆ ಪುಡಿಯಾಗದಂತೆ ಹಚ್ಚುವ ಪ್ಯಾರಲಾಯ್ಡ್ ಬಿ-72 ಅದರಲ್ಲಿ ಕರಗಿ, ಒಳ್ಳೆಯ ಮಾದರಿಯೇ ಹಾಳಾದೀತು.

ಅಂಬರಿಗೆ (ಪಳೆಯುಳಿಕೆಯಾದ ಮರದ ರಾಳ) ಟಾರ್ಚೊಂದೇ ಸಾಲದು. ಅಂಬರ್ ಸಾಮಾನ್ಯವಾಗಿ ನೀಲಿಯಾಗಿ ಹೊಳೆಯುತ್ತದೆ, ನಿಜ. ಜೊತೆಗೆ 250 ಮಿ.ಲೀ. ನೀರಿಗೆ 50 ಗ್ರಾಂ ಉಪ್ಪು ಕರಗಿಸಿ ತೇಲಿಸಿ ನೋಡಿ. ಮುಳುಗಿದರೆ ಗಾಜೋ ಭಾರದ ಪ್ಲಾಸ್ಟಿಕ್ಕೋ ಆಗಿರಬಹುದು. ಪೂರ್ತಿ ಅಂಬರಾಗದ ಎಳೆಯ ರಾಳವಾದ ಕೋಪಲ್ ಕೂಡ ತೇಲುತ್ತದೆ, ಅದಕ್ಕೆ ಅಸಿಟೋನ್ ಒಂದು ತೊಟ್ಟು: ಕೋಪಲ್ ಜಿಗುಟಾಗುತ್ತದೆ, ಅಂಬರ್ ಆಗುವುದಿಲ್ಲ.

ಒಂದು ಕೊರತೆ: ಹೆಚ್ಚು ಹೊತ್ತು ಉರಿಸಿದರೆ ಟಾರ್ಚ್ ಬಿಸಿಯೇರುತ್ತದೆ, ನಡುನಡುವೆ ಆರಿಸಿ. ಮಾರುವವರು ದೂರದಲ್ಲಿದ್ದರೆ ಯುವಿ ಬೆಳಕಿನಡಿ ಎದುರು, ಬೆನ್ನು, ಅಂಚು ಮೂರನ್ನೂ ತೆಗೆದ ಫೋಟೊ ಕೇಳಿ. ಅಂಚಿನ ಫೋಟೊ ಬಿಡಬೇಡಿ. ಕೂಡಿಸಿದ ಪದರ ಕಾಣುವುದು ಅಲ್ಲೇ.