ಹಾರ್ಲೆಮ್‌ನ ಮ್ಯೂಸಿಯಂಗಾ, ಹ್ಯೂಸ್ಟನ್‌ನ ಪುಟ್ಟ ಮನೆಗಳಿಗಾ?

ಅಮೆರಿಕದ ಕಪ್ಪು ಕಲಾವಿದರಿಗೆ ನೆರವಾಗುವ ಸಂಸ್ಥೆಗೆ ದೇಣಿಗೆ ಕೊಡಬೇಕು, ಯಾವುದಕ್ಕೆ ಅಂತ ಗೊತ್ತಾಗ್ತಿಲ್ಲ ಅನ್ನೋರಿಗೆ ಇದು.

ನ್ಯೂಯಾರ್ಕಿನ ಸ್ಟುಡಿಯೋ ಮ್ಯೂಸಿಯಂ ಇನ್ ಹಾರ್ಲೆಮ್ 1968ರಲ್ಲಿ ಬಾಡಿಗೆ ಜಾಗದಲ್ಲಿ ಶುರುವಾಯಿತು. 2025ರಲ್ಲಿ ಹೊಸ ಕಟ್ಟಡ ತೆರೆಯಿತು. ಆಯ್ಕೆಯಾದ ಕೆಲವೇ ಕಲಾವಿದರಿಗೆ ಕೆಲಸ ಮಾಡಲು ಜಾಗ ಕೊಡುತ್ತಾರೆ, ಜೊತೆಗೆ ಹಣವನ್ನೂ. ಇಲ್ಲಿಂದ ಹೊರಟವರು ದೊಡ್ಡ ಹೆಸರು ಮಾಡಿದ್ದಾರೆ.

ಹ್ಯೂಸ್ಟನ್‌ನ ಥರ್ಡ್ ವಾರ್ಡ್ ಎಂಬ ಕೇರಿಯಲ್ಲಿರುವ ಪ್ರಾಜೆಕ್ಟ್ ರೋ ಹೌಸಸ್ ಎಂಬ ಸಂಸ್ಥೆಯ ದಾರಿಯೇ ಬೇರೆ. 1993ರಲ್ಲಿ ರಿಕ್ ಲೋ ಸೇರಿ ಏಳು ಜನ ಕಪ್ಪು ಕಲಾವಿದರು ಪಾಳುಬಿದ್ದ ಸಾಲುಮನೆಗಳನ್ನು ದುರಸ್ತಿ ಮಾಡಲು ಹೊರಟರು. ಒಂದರ ಹಿಂದೆ ಒಂದು ಕೋಣೆ, ನಡುವೆ ಹಜಾರವಿಲ್ಲ, ಮುಂಬಾಗಿಲಲ್ಲಿ ನಿಂತರೆ ಹಿತ್ತಲ ಬಾಗಿಲು ನೇರ ಕಾಣುವಂಥ ಪುಟ್ಟ ಮರದ ಮನೆಗಳು. ಕೆಲವು ಮನೆಗಳಲ್ಲಿ ಕಲಾವಿದರು ಇಡೀ ಮನೆಯನ್ನೇ ಕಲಾಕೃತಿ ಮಾಡುತ್ತಾರೆ, ಅದೇ ಬೀದಿಯ ಬೇರೆ ಮನೆಗಳಲ್ಲಿ ಒಂಟಿಯಾಗಿ ಮಕ್ಕಳನ್ನು ಸಾಕುವ ಎಳೆಯ ತಾಯಂದಿರಿಗೆ ಇರಲು ಜಾಗ, ಓದು ಮುಗಿಸಲು ಬೆಂಬಲ ಸಿಗುತ್ತದೆ. ಇದು ನನಗೆ ಬಹಳ ಇಷ್ಟ.

ಕಲಾವಿದರ ವೃತ್ತಿ ಬೆಳೆಯಲಿ ಅನ್ನೋದೇ ಮುಖ್ಯವಾದರೆ ಹಾರ್ಲೆಮ್. ಕಲೆಯ ಜೊತೆ ಕೇರಿಯೂ ಉಳಿಯಬೇಕು ಅಲ್ವಾ? ಹಾಗನ್ನಿಸಿದರೆ ಹ್ಯೂಸ್ಟನ್. ನನ್ನ ದುಡ್ಡಾದರೆ ಹ್ಯೂಸ್ಟನ್‌ಗೇ.